‘ಎಲ್ಲ ಸಸ್ಯಗಳನ್ನೂ ಪ್ರಭೇದ ಮಟ್ಟಕ್ಕೆ ಗುರುತಿಸತಕ್ಕದ್ದು’: ಈ ಷರತ್ತಿಗೆ ಸಹಿ ಹಾಕಬಹುದೇ?

ಪ್ರಶ್ನೆ: ನಾನು ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಸಿದ್ದಾಪುರ–ಹೊನ್ನಾವರ ಭಾಗದಲ್ಲಿ ಕ್ಷೇತ್ರ ಕೆಲಸ ಮಾಡುತ್ತಿದ್ದೇನೆ. ಯೋಜನೆಯೊಂದರ ಪರಿಸರ ಪರಿಣಾಮ ಮೌಲ್ಯಮಾಪನಕ್ಕೆ ಬೇಕಾದ ಸಸ್ಯ ಸಮೀಕ್ಷೆಯನ್ನು ಸಲಹಾ ಸಂಸ್ಥೆಯೊಂದು ನನಗೆ ಉಪಗುತ್ತಿಗೆ ಕೊಡಲು ಮುಂದೆ ಬಂದಿದೆ. ಕರಾರಿನಲ್ಲಿ, ‘ಅಧ್ಯಯನ ಪ್ರದೇಶದ ಎಲ್ಲ ಸಸ್ಯಗಳನ್ನೂ ಗ್ಯಾಂಬಲ್ ಅವರ ಗ್ರಂಥದ ಪ್ರಕಾರ ಪ್ರಭೇದ ಮಟ್ಟಕ್ಕೆ ಗುರುತಿಸತಕ್ಕದ್ದು, ಗುರುತಿಸದೆ ಉಳಿದ ಪ್ರತಿಯೊಂದಕ್ಕೂ ಬಿಲ್ಲಿನಲ್ಲಿ ಕಡಿತ ಮಾಡಲಾಗುವುದು’ ಎಂದಿದೆ. ಕ್ಷೇತ್ರ ಕೆಲಸ ಜನವರಿ–ಫೆಬ್ರುವರಿಯಲ್ಲಿ ನಡೆಯಬೇಕು. ಹೆಸರು ಸಿಗದಿದ್ದರೆ ಹತ್ತಿರದ ಹೆಸರೊಂದನ್ನು ಬರೆದುಬಿಡಿ, ಅದನ್ನು ಯಾರೂ ನೋಡುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಾನು ಸಹಿ ಹಾಕಬಹುದೇ? ಇಂಥ ಷರತ್ತನ್ನು ಸರಿಯಾಗಿ ಬರೆಯುವುದು ಹೇಗೆ?

ಉತ್ತರ: ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ನಿಮ್ಮ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆ ಷರತ್ತನ್ನು ನಲವತ್ತು ವರ್ಷ ಅನುಭವವಿರುವ ವರ್ಗೀಕರಣ ತಜ್ಞರೂ ಪ್ರಾಮಾಣಿಕವಾಗಿ ಪೂರೈಸಲಾರರು. ಗಿಡಕ್ಕೆ ಹೆಸರು ಹೇಳುವುದು ಹೇಳುವವರ ವಿದ್ಯೆಯೊಂದನ್ನೇ ಅವಲಂಬಿಸಿದ್ದಲ್ಲ. ಆ ದಿನ ಆ ಗಿಡದಲ್ಲಿ ಏನಿದೆ ಎನ್ನುವುದನ್ನೂ ಅಷ್ಟೇ ಅವಲಂಬಿಸಿದೆ. ಹೂವಿಲ್ಲದ, ಹಣ್ಣಿಲ್ಲದ ಗಿಡದ ಮುಂದೆ ನಿಂತಾಗ ‘ಇದು ಇಂಥ ಕುಟುಂಬದ ಇಂಥ ಕುಲಕ್ಕೆ ಸೇರಿದ್ದು, ಇದಕ್ಕಿಂತ ಮುಂದೆ ಇವತ್ತು ಹೇಳಲಾಗದು’ ಎನ್ನುವುದೇ ಅನೇಕ ಸಲ ಪೂರ್ಣವಾದ ಮತ್ತು ಸರಿಯಾದ ಉತ್ತರ. ಕರಾರು ಆ ಉತ್ತರವನ್ನು ಅಪರಾಧವೆಂದು ಪರಿಗಣಿಸಿ ದಂಡ ಹಾಕಿದರೆ ಸುಳ್ಳು ಹೆಸರುಗಳನ್ನು ಹಣ ಕೊಟ್ಟು ಕೊಂಡಂತೆಯೇ ಆಗುತ್ತದೆ. ಹಾಗೆಂದು ಕೆಲಸವನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಷರತ್ತನ್ನು ಬದಲಿಸಿಕೊಂಡು ಕೆಲಸ ಒಪ್ಪಿಕೊಳ್ಳಿ. ಬದಲಾವಣೆ ಏಕೆ ಬೇಕು ಎಂಬುದನ್ನು ಸಂಸ್ಥೆಯವರಿಗೆ ಅವರದೇ ಹಿತದ ದೃಷ್ಟಿಯಿಂದ ವಿವರಿಸಲು ನಿಮಗೆ ಸಾಕಷ್ಟು ಕಾರಣಗಳಿವೆ.

ಮೊದಲು ಕಾಲದ ಪ್ರಶ್ನೆಯನ್ನು ನೋಡೋಣ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಅಡಿಯಲ್ಲಿ ಬರುವ ಅನೇಕ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಉಳಿದ ಒಂದು ಋತುವಿನ ಮೂಲ ಮಾಹಿತಿ ಸಾಕೆಂದು ಕಾರ್ಯಸೂಚಿಯಲ್ಲಿ, ಎಂದರೆ ಅಧ್ಯಯನದಲ್ಲಿ ಏನೇನಿರಬೇಕೆಂದು ನಿಗದಿಪಡಿಸುವ ಪತ್ರದಲ್ಲಿ, ಹೇಳಿರುತ್ತಾರೆ. ಗಾಳಿಯ ದೂಳು, ಶಬ್ದ ಮುಂತಾದವನ್ನು ಅಳೆಯುವವರಿಗೆ ಇದರಲ್ಲಿ ತೊಂದರೆಯಿಲ್ಲ. ಪಶ್ಚಿಮಘಟ್ಟದ ಸಸ್ಯಗಳ ಮಟ್ಟಿಗೆ ಇದು ದೊಡ್ಡ ಕುರುಡು. ಜಂಬಿಟ್ಟಿಗೆ ಹಾಸುಗಳ ಮೇಲೆ, ಬೇಣಗಳಲ್ಲಿ, ಗದ್ದೆಯ ಬದುಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೂಬಿಟ್ಟು ಬೀಜ ಉದುರಿಸಿ ಮಾಯವಾಗುವ ಒಂದು ಸಸ್ಯಲೋಕವೇ ಇದೆ: ಕೀಟಾಹಾರಿ ಯುಟ್ರಿಕ್ಯುಲೇರಿಯಾಗಳು, ಗುಂಡುಸೂಜಿಯ ತಲೆಯಂಥ ಹೂಗೊಂಚಲಿನ ಎರಿಯೊಕಾಲಾನ್‌ಗಳು, ಕಾಡು ಕರ್ಣಕುಂಡಲಗಳು, ಡೈಮೇರಿಯಾದಂಥ ಸಣ್ಣ ಹುಲ್ಲುಗಳು. ಘಟ್ಟಕ್ಕೇ ಸೀಮಿತವಾದ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸಸ್ಯಗಳು ಈ ಗುಂಪಿನಲ್ಲಿ ಬಹಳಷ್ಟಿವೆ. ಜನವರಿಯಲ್ಲಿ ನೀವು ಅಲ್ಲಿಗೆ ಹೋದರೆ ಕಾಣುವುದು ಒಣಗಿದ ಕಲ್ಲು. ‘ಎಲ್ಲ ಸಸ್ಯಗಳನ್ನೂ’ ಎಂಬ ಮಾತಿಗೆ ಸಹಿ ಹಾಕಿದ ನೀವು ಅಲ್ಲಿ ಇರುವುದರ ಒಂದು ಭಾಗವನ್ನು ಕಣ್ಣಾರೆ ನೋಡಲೂ ಸಾಧ್ಯವಿಲ್ಲದ ಕಾಲದಲ್ಲಿ ಅಲ್ಲಿಗೆ ಹೋಗಿರುತ್ತೀರಿ.

ಮರಗಳ ವಿಷಯ ಇಷ್ಟು ಕಷ್ಟದ್ದಲ್ಲ, ಏಕೆಂದರೆ ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳು ಬೇಸಿಗೆಯ ಮೊದಲ ತಿಂಗಳುಗಳಲ್ಲಿಯೇ ಹೂಬಿಡುತ್ತವೆ ಮತ್ತು ಹೂವಿಲ್ಲದಿದ್ದರೂ ಸೊನೆ, ತೊಗಟೆ, ಎಲೆಯ ಜೋಡಣೆಗಳಿಂದ ಬಹಳ ದೂರ ಹೋಗಬಹುದು. ಆದರೆ ಎಲ್ಲ ಕುಲಗಳಲ್ಲೂ ಅಲ್ಲ. ನೇರಳೆಯ ಕುಲವಾದ ಸಿಜಿಜಿಯಂ, ದಾಲ್ಚಿನ್ನಿಯ ಕುಲವಾದ ಸಿನಮೋಮಂ, ಲಿಟ್ಸಿಯಾ ಮೊದಲಾದವುಗಳಲ್ಲಿ ಬರಿಯ ಎಲೆ ನೋಡಿ ಪ್ರಭೇದ ಹೇಳುವವರ ಮಾತನ್ನು ನಾನು ಎಚ್ಚರದಿಂದ ಕೇಳುತ್ತೇನೆ. ಹುಲ್ಲುಗಳಿಗೆ ಕಿರುತೆನೆ ಬೇಕು. ಜೇಕಿನ ಜಾತಿಯವಕ್ಕೆ ಬಲಿತ ಕಾಯಿ ಬೇಕು. ಎರಿಯೊಕಾಲಾನ್‌ಗಳಿಗೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಹೂವಿನ ಬಿಡಿಭಾಗಗಳನ್ನೂ ಬೀಜದ ಮೇಲ್ಮೈಯನ್ನೂ ನೋಡಬೇಕು. ಜರೀಗಿಡಗಳಿಗೆ ಎಲೆಯಡಿಯ ಬೀಜಕದ ಚುಕ್ಕೆಗಳು ಬೇಕು. ಸ್ಟ್ರೋಬಿಲಾಂಥಸ್ ಕುಲದ ಪೊದೆಗಳಲ್ಲಿ ಕೆಲವು ಹಲವು ವರ್ಷಗಳಿಗೊಮ್ಮೆ ಮಾತ್ರ ಒಟ್ಟಾಗಿ ಹೂಬಿಡುತ್ತವೆ, ನೀಲಕುರಿಂಜಿಗೆ 12 ವರ್ಷಗಳ ಆವರ್ತವಿದೆ. ಬಿದಿರಿನ ಹೂವಿಗೆ ಕಾದು ಕುಳಿತರೆ ಒಬ್ಬರ ವೃತ್ತಿಜೀವನವೇ ಮುಗಿದೀತು, ಆದ್ದರಿಂದ ಅದನ್ನು ಕಳಲೆಯ ಹೊರಪೊರೆಯಿಂದಲೇ ಗುರುತಿಸುವ ಅಭ್ಯಾಸ ಬೆಳೆದುಬಂದಿದೆ. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಕರಾರು ಬರೆದವರಿಗೆ ಗೊತ್ತಿಲ್ಲ, ಅಷ್ಟೆ. ಅವರಿಗೆ ತಿಳಿಸುವುದು ನಿಮ್ಮ ಕೆಲಸದ ಮೊದಲ ಭಾಗ ಎಂದುಕೊಳ್ಳಿ.

ಇನ್ನು ‘ಗ್ಯಾಂಬಲ್ ಅವರ ಗ್ರಂಥದ ಪ್ರಕಾರ’ ಎಂಬ ಮಾತು. ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಆ ಗ್ರಂಥ 1915ರಿಂದ 1936ರ ನಡುವೆ ಮದ್ರಾಸ್ ಪ್ರಾಂತ್ಯದ ಸಸ್ಯಗಳಿಗಾಗಿ ಬರೆದದ್ದು. ನಿಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿಯೇ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಹೋಗಿತ್ತು. ಅದರ ಸಸ್ಯಗಳನ್ನು ಹುಡುಕಬೇಕಾದದ್ದು 1901ರಿಂದ 1908ರ ನಡುವೆ ಹೊರಬಂದ ಕುಕ್ ಅವರ ಗ್ರಂಥದಲ್ಲಿ ಮತ್ತು ಅದರ ಬೆನ್ನಿಗೇ ಬಂದ ಟಾಲ್ಬಟ್ ಅವರ ಅರಣ್ಯ ಸಸ್ಯಗಳ ಗ್ರಂಥದಲ್ಲಿ. ಎರಡೂ ಕಡೆಗೆ ಸಾಮಾನ್ಯವಾದ ಸಸ್ಯಗಳು ಸಾಕಷ್ಟಿರುವುದರಿಂದ ಗ್ಯಾಂಬಲ್ ನಿಮ್ಮ ಮೇಜಿನ ಮೇಲೆ ಇರಲೇಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಗ್ರಂಥವನ್ನು, ಅದೂ ಬೇರೆ ಪ್ರಾಂತ್ಯದ ಗ್ರಂಥವನ್ನು ಕರಾರಿನಲ್ಲಿ ಕಟ್ಟಿಹಾಕುವುದು ಅಪಾಯಕಾರಿ. ಈ ಅಪಾಯದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಗುರುತಿಸುವ ಕೀಲಿ ಎಂದು ನಾವು ಕರೆಯುವ ಕವಲು ಕವಲಾದ ಪ್ರಶ್ನಾವಳಿಗೆ ಒಂದು ಗುಣವಿದೆ: ಅದು ಯಾವಾಗಲೂ ಉತ್ತರ ಕೊಡುತ್ತದೆ. ನಿಮ್ಮ ಕೈಯಲ್ಲಿರುವ ಗಿಡ ಆ ಪುಸ್ತಕದಲ್ಲಿ ಇಲ್ಲದೇ ಇದ್ದರೂ, ಪ್ರತಿ ಹೆಜ್ಜೆಯಲ್ಲೂ ‘ಇದೋ ಅದೋ’ ಎಂದು ಆರಿಸುತ್ತ ಹೋದರೆ ಕೊನೆಗೆ ಪುಸ್ತಕದಲ್ಲಿರುವ ಯಾವುದೋ ಒಂದು ಹೆಸರಿನ ಮುಂದೆ ತಂದು ನಿಲ್ಲಿಸುತ್ತದೆ. ನೀವು ಕೆಲಸ ಮಾಡುತ್ತಿರುವ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನೇ ತೆಗೆದುಕೊಳ್ಳಿ. ಅಲ್ಲಿಯ ರಾಂಪತ್ರೆ ಜಡ್ಡಿಯಲ್ಲಿ, ಎಂದರೆ ರಾಂಪತ್ರೆ ಮರಗಳ ಜೌಗು ಕಾಡಿನಲ್ಲಿ, ನಿಂತಿದ್ದ ಗೇರಿನ ಕುಟುಂಬದ ದೊಡ್ಡ ಎಲೆಯ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಕುಕ್, ಟಾಲ್ಬಟ್, ಗ್ಯಾಂಬಲ್ ಮೂವರಲ್ಲಿ ಯಾರ ಗ್ರಂಥದಲ್ಲೂ ಅದಿಲ್ಲ. 1999ರಲ್ಲಿ ನಿಮ್ಮ ಕರಾರಿನಂಥದೇ ಕರಾರಿಗೆ ಸಹಿ ಹಾಕಿದ ಒಬ್ಬ ಸಮೀಕ್ಷಕರು ಆ ಜಡ್ಡಿಯಲ್ಲಿ ಗಿಡಗಳನ್ನು ಎಣಿಸಲು ನೆಲದ ಮೇಲೆ ಅಳತೆಯ ಚೌಕ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ‘ಸೆಮೆಕಾರ್ಪಸ್, ಪ್ರಭೇದ ಗೊತ್ತಾಗಲಿಲ್ಲ’ ಎಂದು ಬರೆದವರಿಗೆ ಬಿಲ್ಲಿನಲ್ಲಿ ಕಡಿತ. ಪುಸ್ತಕದಲ್ಲಿದ್ದ ಹತ್ತಿರದ ಹೆಸರು ಬರೆದವರಿಗೆ ಪೂರ್ಣ ಹಣ. ಮೊದಲನೆಯವರ ಸಾಲು ಯಾರೋ ಒಬ್ಬ ತಜ್ಞರನ್ನು ಆ ಮರದ ಬುಡಕ್ಕೆ ಕರೆದೊಯ್ಯುತ್ತಿತ್ತು. ಎರಡನೆಯವರ ಸಾಲು ಆ ಬಾಗಿಲನ್ನು ಮುಚ್ಚಿಬಿಡುತ್ತಿತ್ತು. ಬೆಳೆದ ಮರಗಳು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಉಳಿದಿರುವ ಒಂದು ಪ್ರಭೇದದ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಅದೇ ಕುಟುಂಬದ ಒಂದು ಉದಾಹರಣೆಯಿಂದ, ಹೂವಿಲ್ಲದ ಮರದಲ್ಲಿ ಎಷ್ಟು ದೂರ ಹೋಗಬಹುದು ಮತ್ತು ಎಲ್ಲಿ ನಿಲ್ಲಬೇಕು ಎಂಬುದನ್ನು ತೋರಿಸುತ್ತೇನೆ. ರೆಂಬೆಯ ತುದಿಯಲ್ಲಿ ಗುಂಪುಗೂಡಿದ ದೊಡ್ಡ ಸರಳ ಎಲೆಗಳು, ಗೀರಿದರೆ ಬರುವ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಆದ್ದರಿಂದ ಕೈಗವಸು ಹಾಕಿಕೊಂಡೇ ನೋಡಿ. ಇಷ್ಟು ಸಾಕ್ಷ್ಯದಿಂದ ಸೆಮೆಕಾರ್ಪಸ್ ಅಥವಾ ಹೊಲಗೇರಿನ ಕುಲವಾದ ಹೊಲಿಗಾರ್ನಾ ಎನ್ನಬಹುದು. ಈಗ ಭೂತಗನ್ನಡಿ ತೆಗೆದು ಎಲೆಯ ತೊಟ್ಟನ್ನು ನೋಡಿ. ತೊಟ್ಟಿನ ಎರಡೂ ಬದಿಯಲ್ಲಿ ಸಣ್ಣ ಮುಳ್ಳಿನಂಥ, ಆದರೆ ಮೆತ್ತಗಿರುವ ಒಂದು ಜೊತೆ ಚಾಚುಗಳು ಇದ್ದರೆ, ಅಥವಾ ಅವು ಉದುರಿಹೋದ ಕಲೆಗಳಾದರೂ ಇದ್ದರೆ, ಅದು ಹೊಲಿಗಾರ್ನಾ. ಎಳೆಯ ಎಲೆ, ಬಲಿತ ಎಲೆ ಎರಡನ್ನೂ ನೋಡಬೇಕು, ಏಕೆಂದರೆ ಹಳೆಯ ತೊಟ್ಟಿನಲ್ಲಿ ಅವು ಕಾಣದೇ ಹೋಗಬಹುದು. ಇಲ್ಲಿಗೆ ಕುಲ ಖಚಿತವಾಯಿತು. ಇದರಿಂದ ಮುಂದೆ, ಅದು ಅರ್ನೊಟಿಯಾನಾ ಆಗಿರಬಹುದೇ ಗ್ರಹಾಮಿ ಆಗಿರಬಹುದೇ ಎಂಬಲ್ಲಿ ಎಲೆಯಡಿಯ ರೋಮ, ನರಗಳು, ಆ ಮರದ ಎಳೆಯ ಸಸಿಗಳು ಸಹಾಯ ಮಾಡುತ್ತವೆಯಾದರೂ ಕಾಯಿ ಸಿಕ್ಕರೆ ಮಾತ್ರ ನೆಮ್ಮದಿ. ಕಾಯಿ ಸಿಗದಿದ್ದರೆ ಕುಲದ ಹೆಸರಿನೊಂದಿಗೆ ನಿಲ್ಲಿಸಿ, ಸಂಗ್ರಹ ಸಂಖ್ಯೆ ಬರೆದು, ಮರಕ್ಕೆ ಜಿಪಿಎಸ್ ಗುರುತು ಹಾಕಿ ಮುಂದೆ ಹೋಗಿ. ಕಾಯಿ ಬಿಡುವ ತಿಂಗಳಲ್ಲಿ ಯಾರು ಬೇಕಾದರೂ ಅದೇ ಮರಕ್ಕೆ ಮರಳಿ ಬರಬಹುದು.

ಕಾನೂನಿನ ಕಡೆಯಿಂದಲೂ ಈ ಷರತ್ತು ನಿಮಗೇ ಹೆಚ್ಚು ಅಪಾಯ ತರುವಂಥದ್ದು. ಅಂತಿಮ ಸಲಹೆಯನ್ನು ವಕೀಲರಿಂದಲೇ ಪಡೆಯಿರಿ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 56ನೆಯ ಕಲಮನ್ನು ನೀವೇ ಒಮ್ಮೆ ಓದುವುದು ಒಳ್ಳೆಯದು. ಅಸಾಧ್ಯವಾದದ್ದನ್ನು ಮಾಡುವ ಕರಾರು ಅಸಿಂಧು ಎಂದು ಅದು ಆರಂಭವಾಗುತ್ತದೆ, ಬಹಳ ಜನ ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. ಅದರ ಕೊನೆಯ ಭಾಗ ಹೀಗಿದೆ: ಭರವಸೆ ಕೊಟ್ಟವನಿಗೆ ಆ ಕೆಲಸ ಅಸಾಧ್ಯವೆಂದು ಗೊತ್ತಿದ್ದರೆ, ಅಥವಾ ಸಾಕಷ್ಟು ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ, ಮತ್ತು ಭರವಸೆ ಪಡೆದವನಿಗೆ ಅದು ಗೊತ್ತಿರದಿದ್ದರೆ, ಕೆಲಸ ಆಗದೇ ಹೋದುದರಿಂದ ಉಂಟಾದ ನಷ್ಟವನ್ನು ಭರವಸೆ ಕೊಟ್ಟವನೇ ತುಂಬಿಕೊಡಬೇಕು. ಇಲ್ಲಿ ತಜ್ಞರು ನೀವು. ಸಂಸ್ಥೆಯವರು ‘ನಮಗೆ ಸಸ್ಯಶಾಸ್ತ್ರ ಗೊತ್ತಿಲ್ಲ, ಇವರು ಒಪ್ಪಿಕೊಂಡರು’ ಎಂದು ಹೇಳಲು ಅವಕಾಶವಿದೆ. ಆದ್ದರಿಂದ ಅಸಾಧ್ಯವಾದದ್ದನ್ನು ಅಸಾಧ್ಯವೆಂದು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ತಿಳಿಸುವುದು ನಿಮ್ಮ ರಕ್ಷಣೆಗೆ ಅಗತ್ಯ. ಕಡಿತದ ವಿಷಯದಲ್ಲಿ 74ನೆಯ ಕಲಂ ಸ್ವಲ್ಪ ಆಸರೆ ಕೊಡುತ್ತದೆ: ಕರಾರಿನಲ್ಲಿ ಹೇಳಿದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ ಸಲ್ಲುತ್ತದೆ. ಆದರೆ ಉಪಗುತ್ತಿಗೆಯ ಸಣ್ಣ ಮೊತ್ತಕ್ಕಾಗಿ ನ್ಯಾಯಾಲಯಕ್ಕೆ ಹೋಗುವವರು ಯಾರು? ಬಿಲ್ಲಿನಲ್ಲಿ ಹಿಡಿದುಕೊಂಡ ಹಣ ಹಿಡಿದುಕೊಂಡಂತೆಯೇ ಉಳಿಯುತ್ತದೆ.

ನಿಮ್ಮ ಹಿರಿಯ ಸಹೋದ್ಯೋಗಿ ಹೇಳಿದ ಮಾತಿಗೆ ಬರುತ್ತೇನೆ. ‘ಯಾರೂ ನೋಡುವುದಿಲ್ಲ’ ಎನ್ನುವುದು ಸರಿಯಲ್ಲ. ಸಾರ್ವಜನಿಕ ಅಹವಾಲು ನಡೆಯಬೇಕಾದ ಯೋಜನೆಗಳಲ್ಲಿ ವರದಿಯ ಸಾರಾಂಶವನ್ನು ಕನ್ನಡದಲ್ಲಿಯೂ ಕೊಡಬೇಕು. ಅಹವಾಲಿಗೆ ಬರುವವರಲ್ಲಿ ಸೊಪ್ಪಿನಬೆಟ್ಟದ ಪ್ರತಿ ಮರವನ್ನೂ ಬಲ್ಲ ರೈತರಿರುತ್ತಾರೆ, ಉಪ್ಪಾಗೆ ಕೊಯ್ಯುವವರಿರುತ್ತಾರೆ, ನಾಟಿ ವೈದ್ಯರಿರುತ್ತಾರೆ. ‘ನಮ್ಮ ಬೆಟ್ಟದಲ್ಲಿ ಇಲ್ಲದ ಮರ ಇಲ್ಲಿ ಹೇಗೆ ಬಂತು’ ಎಂದು ಅವರಲ್ಲೊಬ್ಬರು ಎದ್ದು ಕೇಳಿದರೆ ಉತ್ತರ ಹೇಳಬೇಕಾದವರು ನೀವೇ. ಅದಕ್ಕಿಂತ ಮುಖ್ಯವಾಗಿ, ಉದ್ದೇಶಪೂರ್ವಕವಾಗಿ ಮಾಹಿತಿ ಮುಚ್ಚಿಟ್ಟರೆ, ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟರೆ ಅರ್ಜಿಯನ್ನು ತಿರಸ್ಕರಿಸಲು, ಕೊಟ್ಟ ಅನುಮತಿಯನ್ನು ರದ್ದುಪಡಿಸಲು 2006ರ ಅಧಿಸೂಚನೆಯಲ್ಲಿಯೇ ಅವಕಾಶವಿದೆ. ಸಲಹಾ ಸಂಸ್ಥೆಗೆ ತನ್ನ ಮಾನ್ಯತೆಯ ಚಿಂತೆಯೂ ಇರುತ್ತದೆ. ಆದ್ದರಿಂದ ಅವರ ಮುಂದೆ ಕುಳಿತು ಮಾತನಾಡುವಾಗ ‘ಗುರುತಾಗದ ಗಿಡಕ್ಕೆ ದಂಡ’ ಎಂಬ ಷರತ್ತು ಅವರ ಅನುಮತಿಗೇ ಕುತ್ತು ತರಬಲ್ಲದು ಎಂದು ಸ್ಪಷ್ಟವಾಗಿ ಹೇಳಿ. ನನ್ನ ಅನುಭವದಲ್ಲಿ ಈ ವಾದವನ್ನು ಅವರು ತಕ್ಷಣ ಅರ್ಥಮಾಡಿಕೊಳ್ಳುತ್ತಾರೆ.

ಅವರಿಗೆ ಸಮಾಧಾನ ಕೊಡುವ ಇನ್ನೊಂದು ಸಂಗತಿಯಿದೆ. ಅವರಿಗೆ ಬೇಕಾದ ಅಂಕಿಅಂಶಗಳಲ್ಲಿ ಹೆಚ್ಚಿನವು ಹೆಸರಿಲ್ಲದೆಯೂ ದೊರೆಯುತ್ತವೆ. ಹೆಕ್ಟೇರಿಗೆ ಎಷ್ಟು ಮರ, ಕಾಂಡಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಎಷ್ಟು, ಶ್ಯಾನನ್ ವೈವಿಧ್ಯ ಸೂಚ್ಯಂಕ ಎಷ್ಟು ಎಂಬ ಲೆಕ್ಕಗಳಿಗೆ ಒಂದು ಗಿಡ ಇನ್ನೊಂದರಿಂದ ಬೇರೆಯೋ ಅಲ್ಲವೋ ಎಂಬುದು ಗೊತ್ತಿದ್ದರೆ ಸಾಕು. ಗುರುತಾಗದ ಗಿಡಕ್ಕೆ ‘ಸಿಜಿಜಿಯಂ 1’, ‘ಸಿಜಿಜಿಯಂ 2’ ಎಂದು ಸಂಕೇತ ಕೊಟ್ಟರೆ ಲೆಕ್ಕ ನಡೆಯುತ್ತದೆ. ಆದರೆ ಇಲ್ಲಿ ಕಟ್ಟುನಿಟ್ಟಾಗಿರಬೇಕಾದ ಒಂದು ನಿಯಮವಿದೆ: ಮೂರನೆಯ ಚೌಕದ ‘ಸಿಜಿಜಿಯಂ 1’ ಹದಿನೇಳನೆಯ ಚೌಕದಲ್ಲಿಯೂ ಅದೇ ಗಿಡವಾಗಿರಬೇಕು. ಇಬ್ಬರು ಮೂವರು ಬೇರೆ ಬೇರೆ ತಂಡಗಳಾಗಿ ಕೆಲಸ ಮಾಡಿದಾಗ ಕೆಡುವುದು ಇಲ್ಲಿಯೇ. ಒಬ್ಬರು ಎರಡು ಪ್ರಭೇದಗಳನ್ನು ಒಂದೇ ಸಂಕೇತದಲ್ಲಿ ಸೇರಿಸಿರುತ್ತಾರೆ, ಇನ್ನೊಬ್ಬರು ಒಂದೇ ಪ್ರಭೇದದ ಎಳೆಯ ಎಲೆ ಬಲಿತ ಎಲೆಗಳನ್ನು ಎರಡು ಮಾಡಿರುತ್ತಾರೆ. ಪ್ರತಿ ಸಂಕೇತಕ್ಕೂ ಒಂದು ಒಣಗಿಸಿದ ಮಾದರಿಯನ್ನು ಕ್ಯಾಂಪಿನಲ್ಲಿ ಇಟ್ಟುಕೊಂಡು, ಸಂಜೆ ಎಲ್ಲರೂ ಕುಳಿತು ಆ ದಿನ ತಂದ ಕೊಂಬೆಗಳನ್ನು ಅದಕ್ಕೆ ಹಿಡಿದು ನೋಡುವುದನ್ನು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ. ಈ ಕೆಲಸಕ್ಕೆ ಹೋಗುವ ಸಮಯವನ್ನೂ ಕರಾರಿನ ದಿನಗಳಲ್ಲಿ ಸೇರಿಸಿ.

ಹಾಗಾದರೆ ಹೆಸರು ಎಲ್ಲಿ ನಿಜವಾಗಿ ಬೇಕು? ಅಧ್ಯಯನದ ಉದ್ದೇಶವೇ ಹೆಸರನ್ನು ಕೇಳುವಲ್ಲಿ: ಅಳಿವಿನ ಅಂಚಿನ ಪ್ರಭೇದಗಳು, ಘಟ್ಟಕ್ಕೆ ಸೀಮಿತವಾದವು, ಕಾನೂನಿನ ರಕ್ಷಣೆ ಇರುವಂಥವು, ಜನರು ಬದುಕಿಗೆ ಬಳಸುವಂಥವು. ಕೆಲಸ ಆರಂಭಿಸುವ ಮೊದಲೇ ಆ ಪ್ರದೇಶದಲ್ಲಿ ಹಿಂದೆ ದಾಖಲಾದ ಅಥವಾ ಇರುವ ಸಂಭವವುಳ್ಳ ಇಂಥ ಪ್ರಭೇದಗಳ ಪಟ್ಟಿ ಮಾಡಿ, ಅದನ್ನು ‘ಗುರಿ ಪ್ರಭೇದಗಳು’ ಎಂದು ಕರಾರಿಗೆ ಅನುಬಂಧವಾಗಿ ಲಗತ್ತಿಸಿ. ನಿಮ್ಮ ಭಾಗದ ಪಟ್ಟಿಯಲ್ಲಿ ಮೇಲೆ ಹೇಳಿದ ಸೆಮೆಕಾರ್ಪಸ್ ಇರಬೇಕು, ಜಡ್ಡಿಯ ದೊಡ್ಡ ರಾಂಪತ್ರೆ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಇರಬೇಕು, ಜಂಬಿಟ್ಟಿಗೆ ಹಾಸಿನ ಸಣ್ಣ ಗಿಡಗಳಿರಬೇಕು. ಇವುಗಳಿಗೆ ಪ್ರಭೇದ ಮಟ್ಟದ ಗುರುತಿಸುವಿಕೆಯನ್ನು ನೀವು ಧೈರ್ಯವಾಗಿ ಒಪ್ಪಿಕೊಳ್ಳಬಹುದು, ಏಕೆಂದರೆ ಯಾವುದನ್ನು ಹುಡುಕಬೇಕೆಂದು ಗೊತ್ತಿರುವಾಗ ಅದರ ಗುಣಲಕ್ಷಣಗಳನ್ನು ಮೊದಲೇ ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಹಾಳೆಗಳಲ್ಲಿ ನೋಡಿಕೊಂಡು ಹೋಗಬಹುದು. ಜೊತೆಗೆ ‘ಕಂಡುಬಂದಿಲ್ಲ’ ಎಂದು ಬರೆಯುವಾಗಲೆಲ್ಲ ಯಾವ ತಿಂಗಳಲ್ಲಿ, ಯಾವ ಆವಾಸದಲ್ಲಿ, ಎಷ್ಟು ಹೊತ್ತು ಹುಡುಕಿದಾಗ ಕಂಡುಬರಲಿಲ್ಲ ಎಂಬುದನ್ನೂ ಬರೆಯುವ ಷರತ್ತು ಹಾಕಿಕೊಳ್ಳಿ. ಜನವರಿಯಲ್ಲಿ ಹುಡುಕಿ ಯುಟ್ರಿಕ್ಯುಲೇರಿಯಾ ಕಂಡುಬರಲಿಲ್ಲ ಎನ್ನುವ ವಾಕ್ಯ ವರದಿಯ ಮುಂದಿನ ಪುಟದಲ್ಲಿ ‘ಇಲ್ಲಿ ಯುಟ್ರಿಕ್ಯುಲೇರಿಯಾ ಇಲ್ಲ’ ಎಂದಾಗುವುದು ಬಹಳ ಸುಲಭ, ಹಾಗಾಗದಂತೆ ತಡೆಯುವುದು ನಿಮ್ಮ ಹೊಣೆ. ಜಂಬಿಟ್ಟಿಗೆ ಹಾಸು, ಜಡ್ಡಿ, ಹೊಳೆಯಂಚು ಯೋಜನಾ ಪ್ರದೇಶದಲ್ಲಿದ್ದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಒಂದು ಪೂರಕ ಭೇಟಿಯನ್ನು ಬೇರೆ ದರದಲ್ಲಿ ಸೇರಿಸಲು ಕೇಳಿ. ಕಾರ್ಯಸೂಚಿ ಮಳೆಗಾಲದ ಮಾಹಿತಿಯನ್ನು ಕಡ್ಡಾಯ ಮಾಡಿಲ್ಲ; ಬೇಡವೆಂದು ತಡೆದೂ ಇಲ್ಲ.

ಷರತ್ತಿನ ಮಾತುಗಳು ಹೀಗಿದ್ದರೆ ನನಗೆ ಒಪ್ಪಿಗೆಯಾಗುತ್ತದೆ: ‘ಸಮೀಕ್ಷಕರು ಚೌಕಗಳಲ್ಲಿರುವ, ಎದೆಮಟ್ಟದಲ್ಲಿ 30 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುತ್ತಳತೆಯುಳ್ಳ ಎಲ್ಲ ಮರಗಳನ್ನೂ ಅನುಬಂಧದಲ್ಲಿರುವ ಗುರಿ ಪ್ರಭೇದಗಳನ್ನೂ ಪ್ರಭೇದ ಮಟ್ಟಕ್ಕೆ ಗುರುತಿಸಲು ಪ್ರಯತ್ನಿಸತಕ್ಕದ್ದು. ಇತರ ಸಸ್ಯಗಳನ್ನು ಅಧ್ಯಯನದ ಕಾಲದಲ್ಲಿ ದೊರೆತ ಅಂಗಗಳಿಂದ ಎಷ್ಟು ಖಚಿತವಾಗಿ ಹೇಳಲು ಸಾಧ್ಯವೋ ಅಷ್ಟರ ಮಟ್ಟಿಗೆ ಗುರುತಿಸತಕ್ಕದ್ದು. ಪ್ರತಿ ಹೆಸರಿನ ಮುಂದೆ ಅದರ ಖಚಿತತೆಯ ದರ್ಜೆಯನ್ನೂ ಆಧಾರವಾದ ಮಾದರಿಯ ಸಂಗ್ರಹ ಸಂಖ್ಯೆಯನ್ನೂ ನಮೂದಿಸತಕ್ಕದ್ದು. ಪ್ರಭೇದ ಮಟ್ಟಕ್ಕೆ ಗುರುತಿಸಲಾಗದ ಸಸ್ಯಕ್ಕೆ ಕಾರಣ ಬರೆದು ಮಾದರಿ ಒಪ್ಪಿಸಿದಲ್ಲಿ ಅದನ್ನು ಪೂರ್ಣಗೊಂಡ ಕೆಲಸವೆಂದು ಪರಿಗಣಿಸತಕ್ಕದ್ದು.’ ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಖಚಿತತೆಯ ದರ್ಜೆ ಮೂರು ಸಾಕು: ಹೂ ಅಥವಾ ಹಣ್ಣಿರುವ ಮಾದರಿಯನ್ನು ಹರ್ಬೇರಿಯಂನಲ್ಲಿ ಹೋಲಿಸಿ ಹೇಳಿದ್ದು ಮೊದಲನೆಯದು, ಎಲೆ, ತೊಗಟೆ, ಸೊನೆಗಳಿಂದ ಮಾತ್ರ ಹೇಳಿದ್ದು ಎರಡನೆಯದು, ಸಂಕೇತದಲ್ಲಿ ಉಳಿದದ್ದು ಮೂರನೆಯದು. ವರ್ಗೀಕರಣದವರು ಕುಲ ಮತ್ತು ಪ್ರಭೇದದ ಹೆಸರುಗಳ ನಡುವೆ ಬಳಸುವ ‘ಸಿ.ಎಫ್.’ ಎಂಬ ಗುರುತು ‘ಇದಕ್ಕೆ ಹೋಲುತ್ತದೆ, ಖಚಿತಪಡಿಸಬೇಕಿದೆ’ ಎಂದೂ, ‘ಎಎಫ್ಎಫ್.’ ಎಂಬುದು ‘ಇದಕ್ಕೆ ಹತ್ತಿರದ್ದು, ಆದರೆ ಇದಲ್ಲ’ ಎಂದೂ ಸೂಚಿಸುತ್ತವೆ. ಇವನ್ನು ವರದಿಯ ಅಂತಿಮ ಕೋಷ್ಟಕದಲ್ಲಿ ಅಂದಗೆಡುತ್ತದೆ ಎಂದು ಅಳಿಸಿಹಾಕುವ ಸಂಪಾದಕರನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಅವನ್ನು ತೆಗೆಯಬಾರದೆಂದು ಕರಾರಿನಲ್ಲಿಯೇ ಬರೆಸಿ.

ಹೆಸರುಗಳಿಗೆ ಯಾವ ಆಕರವನ್ನು ಅನುಸರಿಸುತ್ತೀರಿ ಎಂಬುದನ್ನೂ ಮೊದಲೇ ನಿಶ್ಚಯಿಸಿ. ನಮ್ಮ ಹೊಂಗೆ ಪೊಂಗಾಮಿಯಾ ಪಿನ್ನಾಟ ಆಗಿತ್ತು, ಡೆರಿಸ್ ಇಂಡಿಕಾ ಆಯಿತು, ಮಿಲೆಶಿಯಾ ಪಿನ್ನಾಟ ಆಯಿತು, ಈಗ ಮತ್ತೆ ಪೊಂಗಾಮಿಯಾ ಎಂದೇ ಹೆಚ್ಚಿನವರು ಬರೆಯುತ್ತಾರೆ. ಕರಿಜಾಲಿಯನ್ನು ಅಕೇಶಿಯಾದಿಂದ ವಾಚೆಲಿಯಾಕ್ಕೆ ಸೇರಿಸಿದ್ದಾರೆ. ಒಂದೇ ಮರ ಎರಡು ಹೆಸರುಗಳಲ್ಲಿ ಪಟ್ಟಿಗೆ ಬಂದು ಎರಡು ಪ್ರಭೇದಗಳಾಗುವ ತಪ್ಪು ವರದಿಗಳಲ್ಲಿ ಸಾಮಾನ್ಯ. ಗುರುತಿಸಲು ಕುಕ್, ಟಾಲ್ಬಟ್, ಗ್ಯಾಂಬಲ್ ಮತ್ತು ಇತ್ತೀಚಿನ ಸಂಶೋಧನಾ ಲೇಖನಗಳು. ಒಪ್ಪಿತ ಹೆಸರಿಗೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಸಸ್ಯಕೋಶ, ಅದನ್ನು ನೋಡಿದ ದಿನಾಂಕದೊಂದಿಗೆ. ಹೀಗೆ ಎರಡನ್ನೂ ಬೇರೆ ಮಾಡಿ ಬರೆಯಿರಿ. ಕನ್ನಡದ ಹೆಸರುಗಳನ್ನು ಬಿಡಬೇಡಿ, ಆದರೆ ಅವುಗಳಿಂದ ಲ್ಯಾಟಿನ್ ಹೆಸರನ್ನು ಊಹಿಸಬೇಡಿ. ಸಹಾಯಕರು ‘ಧೂಪ’ ಎಂದು ಕೂಗಿ ಹೇಳಿದ ಮರ ಸಾಲುಧೂಪವಾದರೆ ವಟೇರಿಯಾ ಇಂಡಿಕಾ, ರಾಳಧೂಪವಾದರೆ ಕನೇರಿಯಂ ಸ್ಟ್ರಿಕ್ಟಂ. ಎರಡರ ಕುಟುಂಬವೇ ಬೇರೆ. ಊರಿನವರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ, ಹಾಳೆಯಲ್ಲಿ ಬರೆದುಕೊಳ್ಳುವವರು ಅರ್ಧ ಹೆಸರನ್ನು ಬಿಟ್ಟಿರುತ್ತಾರೆ.

ಮಾದರಿ ಸಂಗ್ರಹಕ್ಕೆ ಅನುಮತಿ ಯಾರು ತರಬೇಕು ಎಂಬುದು ನಿಮ್ಮ ಕರಾರಿನಲ್ಲಿ ಇದೆಯೇ ನೋಡಿ, ಸಾಮಾನ್ಯವಾಗಿ ಇರುವುದಿಲ್ಲ. ಮೀಸಲು ಅರಣ್ಯದಲ್ಲಿ ಕೊಂಬೆ ಕತ್ತರಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು; ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಅನುಮತಿ ತಡವಾದರೆ ಹೂವಿನ ಕಾಲ ಕಳೆದುಹೋಗುತ್ತದೆ. ಆದ್ದರಿಂದ ಅನುಮತಿ ತರುವುದು ಸಂಸ್ಥೆಯ ಹೊಣೆ, ಕೆಲಸದ ಅವಧಿಯ ಎಣಿಕೆ ಅನುಮತಿ ಕೈಗೆ ಬಂದ ದಿನದಿಂದ ಆರಂಭ ಎಂದು ಬರೆಸಿ. ಅನುಮತಿಯೇ ಸಿಗದ ಭಾಗದಲ್ಲಿ ಚಿತ್ರಗಳ ಆಧಾರದ ಗುರುತಿಸುವಿಕೆಯನ್ನು ಎರಡನೆಯ ದರ್ಜೆಗಿಂತ ಮೇಲೆ ಇಡಬೇಡಿ. ಮೊಬೈಲ್ ಆ್ಯಪ್‌ಗಳು ಕೊಡುವ ಹೆಸರನ್ನು ಹುಡುಕಾಟದ ಆರಂಭಕ್ಕೆ ಬಳಸಬಹುದು, ಆಧಾರವೆಂದು ಬರೆಯಬಾರದು.

ಹಣದ ಬಗ್ಗೆ ಒಂದು ಮಾತು. ಕ್ಷೇತ್ರದ ದಿನಗಳನ್ನೂ ಹರ್ಬೇರಿಯಂನ ದಿನಗಳನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಕಾಡಿನಲ್ಲಿ ಕಳೆದ ಒಂದು ದಿನಕ್ಕೆ ಮೇಜಿನ ಮುಂದೆ ಕನಿಷ್ಠ ಒಂದು ದಿನವಾದರೂ ಬೇಕು ಎಂಬುದು ನನ್ನ ಅಂದಾಜು. ಜೇಕು, ಹುಲ್ಲುಗಳಿದ್ದರೆ ಇನ್ನೂ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂ, ಪುಣೆ ಮತ್ತು ಕೊಯಮತ್ತೂರುಗಳಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಕೇಂದ್ರಗಳು ನಿಮ್ಮ ಜಿಲ್ಲೆಯ ಸಸ್ಯಗಳನ್ನು ಹೋಲಿಸಲು ಸೂಕ್ತವಾದ ಜಾಗಗಳು. ಪ್ರಯಾಣ ಮತ್ತು ಶುಲ್ಕವನ್ನು ಮೊದಲೇ ಸೇರಿಸಿಕೊಳ್ಳಿ. ಬಿಲ್ಲು ಮಾಡುವುದು ಮಾದರಿ, ಟಿಪ್ಪಣಿ ಪುಸ್ತಕ, ಚಿತ್ರ ಮತ್ತು ಕೋಷ್ಟಕಗಳನ್ನು ಒಪ್ಪಿಸಿದ್ದಕ್ಕೆ ಆಗಿರಲಿ, ಹೆಸರುಗಳ ಎಣಿಕೆಗೆ ಬೇಡ. ಸಂಸ್ಥೆಗೆ ನಿಮ್ಮ ಕೆಲಸದ ಗುಣಮಟ್ಟದ ಖಾತರಿ ಬೇಕಿದ್ದರೆ ಅದಕ್ಕೂ ಸರಿಯಾದ ದಾರಿಯಿದೆ: ಮಾದರಿಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಬೇರೊಬ್ಬ ತಜ್ಞರಿಂದ ಪರೀಕ್ಷಿಸಲಿ, ಮೊದಲ ದರ್ಜೆಯ ಹೆಸರುಗಳಲ್ಲಿ ತಪ್ಪು ಕಂಡರೆ ಆ ಗುಂಪನ್ನು ನೀವು ಉಚಿತವಾಗಿ ಮತ್ತೆ ನೋಡಿಕೊಡುವುದಾಗಿ ಒಪ್ಪಿಕೊಳ್ಳಿ. ಅಷ್ಟು ಹೊಣೆಯನ್ನು ತಜ್ಞರು ಹೊರಲೇಬೇಕು.

ಕೊನೆಯದಾಗಿ ಮಾದರಿಗಳ ಒಡೆತನ. ‘ಸಂಗ್ರಹಿಸಿದ ಎಲ್ಲ ಸಾಮಗ್ರಿಯೂ ಸಂಸ್ಥೆಯ ಸ್ವತ್ತು, ಗೋಪ್ಯ’ ಎಂಬ ಸಿದ್ಧ ವಾಕ್ಯ ಇಂಥ ಕರಾರುಗಳಲ್ಲಿ ಬಹುಮಟ್ಟಿಗೆ ಇದ್ದೇ ಇರುತ್ತದೆ. ವರದಿಯ ಮಟ್ಟಿಗೆ ಅದನ್ನು ಒಪ್ಪಬಹುದು. ಮಾದರಿಗಳ ಮಟ್ಟಿಗೆ ಒಪ್ಪಬೇಡಿ, ಏಕೆಂದರೆ ಕಚೇರಿಯ ಕಪಾಟಿನಲ್ಲಿ ಪೇಪರಿನ ಕಟ್ಟಿನೊಳಗೆ ಉಳಿದ ಮಾದರಿಗಳನ್ನು ಎರಡು ಮಳೆಗಾಲದೊಳಗೆ ಬೂಷ್ಟು ಮತ್ತು ಹುಳು ತಿಂದುಹಾಕುತ್ತವೆ; ಆಮೇಲೆ ನಿಮ್ಮ ಪಟ್ಟಿಯ ಯಾವ ಹೆಸರನ್ನೂ ಯಾರೂ ಪರೀಕ್ಷಿಸಲಾರರು. ಪ್ರತಿ ಸಂಗ್ರಹದಲ್ಲಿ ಎರಡು ಪ್ರತಿ ಮಾಡಿ, ಸುಮಾರು 42 ಸೆಂ.ಮೀ. ಉದ್ದ 28 ಸೆಂ.ಮೀ. ಅಗಲದ ಹಾಳೆಗೆ ಹೊಲಿದು, ಸ್ಥಳ, ಅಕ್ಷಾಂಶ–ರೇಖಾಂಶ, ಎತ್ತರ, ದಿನಾಂಕ, ಒಣಗಿದ ಮೇಲೆ ಕಾಣದೇ ಹೋಗುವ ಹೂವಿನ ಬಣ್ಣ, ಸೊನೆ, ವಾಸನೆಗಳನ್ನು ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಸಾರ್ವಜನಿಕ ಹರ್ಬೇರಿಯಂಗೆ ಒಪ್ಪಿಸಲು ಕರಾರಿನಲ್ಲಿ ಅವಕಾಶ ಇಟ್ಟುಕೊಳ್ಳಿ. ಹೊಸ ಪ್ರಭೇದವೇನಾದರೂ ಸಿಕ್ಕರೆ ಗೋಪ್ಯತೆಯ ಷರತ್ತು ಹೇಗೂ ನಿಲ್ಲುವುದಿಲ್ಲ: 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೆಯ ಕಲಂ ಪ್ರಕಾರ ಅದನ್ನು ಗೊತ್ತುಪಡಿಸಿದ ಭಂಡಾರ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಲೇಬೇಕು. ಈ ತಿದ್ದುಪಡಿಗಳನ್ನೆಲ್ಲ ಒಂದು ಪತ್ರದಲ್ಲಿ ಬರೆದು, ದಿನಾಂಕ ಹಾಕಿ, ಮೊದಲ ಚೌಕ ಹಾಕುವ ಮೊದಲೇ ಸಂಸ್ಥೆಗೆ ಕಳಿಸಿ, ಅವರ ಉತ್ತರ ಬರವಣಿಗೆಯಲ್ಲಿ ಬಂದ ಮೇಲೆ ಸಹಿ ಹಾಕಿ.